ಹಂಡೆಯ ನೀರು

ಇಲಿಯಡ್ ಎಂದೊಡನೆ ನನಗೆ ನೆನಪಾಗುವುದು ಈಟಿಯಲ್ಲ, ರಥವಲ್ಲ, ಒಂದು ಹಂಡೆ ಬಿಸಿನೀರು. 22ನೆಯ ಕಾಂಡದಲ್ಲಿ ಆಂಡ್ರೊಮಕಿ ಒಳಮನೆಯ ಮಗ್ಗದ ಮುಂದೆ ಕೂತು ಊದಾ ಬಟ್ಟೆಯಲ್ಲಿ ಹೂ ಮೂಡಿಸುತ್ತಿದ್ದಾಳೆ. ಗಂಡ ಹೆಕ್ಟರ್ ದಣಿದು ಬರುತ್ತಾನೆ, ಮೀಯಲು ನೀರು ಕಾಯಿಸಿ ಎಂದು ದಾಸಿಯರಿಗೆ ಹೇಳಿದ್ದಾಳೆ. ಅವನು ಆಗಲೇ ಅಕಿಲೀಸನ ಕೈಯಲ್ಲಿ ಸತ್ತಿದ್ದಾನೆ. ಕೋಟೆಯ ಕಡೆಯಿಂದ ಗೋಳು ಕೇಳಿಸಿದಾಗ ಅವಳ ಕೈಯ ಲಾಳಿ ಜಾರಿ ನೆಲಕ್ಕೆ ಬೀಳುತ್ತದೆ. ಕಾದ ನೀರಿನ ಸುದ್ದಿಯನ್ನು ಹೋಮರ್ ಮತ್ತೆ ಎತ್ತುವುದಿಲ್ಲ.

ಮುಂದಿನ ಕಾಂಡದಲ್ಲಿ ಎದುರು ಗ್ರೀಕರ ಪಾಳೆಯದಲ್ಲೂ ಹಂಡೆ ಬೆಂಕಿಗೇರುತ್ತದೆ, ಅಕಿಲೀಸನ ಮೈಮೇಲಿನ ರಕ್ತ ತೊಳೆಯಲೆಂದು. ಆತ ಒಲ್ಲೆ ಎನ್ನುತ್ತಾನೆ. ಗೆಳೆಯ ಪ್ಯಾಟ್ರೋಕ್ಲಸನನ್ನು ಸುಟ್ಟು, ಮಣ್ಣುಗುಡ್ಡೆ ಹಾಕಿ, ಕೂದಲು ಕತ್ತರಿಸಿಕೊಳ್ಳುವ ತನಕ ತನ್ನ ತಲೆಗೆ ನೀರು ತಾಗಬಾರದು. ಊರಿಗೆ ಮರಳಿದರೆ ಸ್ಪೆರ್ಕಿಯಸ್ ನದಿಗೆ ಒಪ್ಪಿಸಲೆಂದು ಹರಕೆ ಹೊತ್ತು ಬೆಳೆಸಿದ್ದ ಕೂದಲದು. ಮರಳುವುದಿಲ್ಲವೆಂದು ಗೊತ್ತಾಗಿ ಅದನ್ನು ಸತ್ತ ಗೆಳೆಯನ ಕೈಯಲ್ಲಿ ಇಡುತ್ತಾನೆ. ನೂರಡಿ ಉದ್ದಗಲದ ಚಿತೆ, ಜೇನು, ಎಣ್ಣೆ, ಕುದುರೆಗಳು, ಹನ್ನೆರಡು ಮಂದಿ ಟ್ರೋಜನ್ ಹುಡುಗರ ಬಲಿ: ಈ ಅಬ್ಬರ ನನಗೆ ರುಚಿಸದು. ಹುಡುಗರನ್ನು ಕೊಲ್ಲುವ ಕಡೆ ಹೋಮರ್ ಕೂಡ ಅದನ್ನು ಕೆಟ್ಟ ಕೆಲಸ ಎಂದೇಬಿಡುತ್ತಾನೆ.

ಹೆಕ್ಟರನ ಮೈಗೆ ನೀರು ಬೀಳುವುದು 24ನೆಯ ಕಾಂಡದಲ್ಲಿ, ಅದೂ ಕೊಂದವನ ಬಿಡಾರದಲ್ಲಿ. ಮುದುಕ ಪ್ರಿಯಾಮ ಒತ್ತೆಹೊನ್ನು ಹೇರಿಕೊಂಡು ರಾತ್ರಿಯಲ್ಲಿ ಬಂದು, ಮಗನನ್ನು ಕೊಂದ ಕೈಗಳಿಗೇ ಮುತ್ತಿಟ್ಟಿದ್ದಾನೆ. ದಾಸಿಯರು ಹೆಣವನ್ನು ಮರೆಗೊಯ್ದು ತೊಳೆದು ಎಣ್ಣೆ ಸವರುತ್ತಾರೆ. ಮಗನನ್ನು ಕಂಡು ತಂದೆ ಸಿಡಿದರೆ ತನಗೂ ಸಿಟ್ಟೇರಿ ಕೊಂದೇನು ಎಂಬ ಅಳುಕು ಅಕಿಲೀಸನಿಗೆ. ತನ್ನನ್ನು ತಾನು ಇಷ್ಟು ಬಲ್ಲ ಅಕಿಲೀಸ್ ಬೇರೆಲ್ಲೂ ನನಗೆ ಸಿಕ್ಕಿಲ್ಲ. ಬಂದ ಒತ್ತೆಯಲ್ಲೇ ಹೊದಿಸಲು ಬಟ್ಟೆ ತೆಗೆದಿರಿಸಿ, ಹೆಣವನ್ನು ತಾನೇ ಎತ್ತಿ ಮಲಗಿಸುತ್ತಾನೆ.

ಟ್ರಾಯ್‌ನಲ್ಲಿ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಗಂಡನ ತಲೆಯನ್ನು ಹಿಡಿದುಕೊಂಡ ಆಂಡ್ರೊಮಕಿಯ ಕೊರಗು ಬಹಳ ಸಣ್ಣದು: ಹಾಸಿಗೆಯಿಂದ ನನ್ನತ್ತ ಕೈ ಚಾಚಲಿಲ್ಲ, ಹಗಲಿರುಳು ನೆನೆಯಲು ಒಂದು ಮಾತನ್ನೂ ಬಿಟ್ಟುಹೋಗಲಿಲ್ಲ. ಕೊನೆಗೆ ಅಳುವವಳು ಹೆಲೆನ್. ಊರೆಲ್ಲ ಹಳಿದರೂ ಭಾವ ಹೆಕ್ಟರ್ ತನಗೊಂದು ಬಿರುನುಡಿ ಆಡಿರಲಿಲ್ಲವಂತೆ.

ಒಂಬತ್ತು ದಿನ ಸೌದೆ ಕೂಡಿಸಿ, ಹತ್ತನೆಯ ದಿನ ಬೆಂಕಿ. ಬೆಳಗಾದ ಮೇಲೆ ಕೆಂಡವನ್ನು ದ್ರಾಕ್ಷಾರಸದಿಂದ ಆರಿಸಿ, ಬಿಳಿಯ ಮೂಳೆಗಳನ್ನು ಆಯ್ದು ಬಂಗಾರದ ಪೆಟ್ಟಿಗೆಗೆ ಹಾಕಿ, ಮೆತ್ತನೆಯ ಊದಾ ಬಟ್ಟೆಯಿಂದ ಸುತ್ತುತ್ತಾರೆ. ಅದು ಯಾರು ನೇಯ್ದ ಬಟ್ಟೆಯೆಂದು ಹೋಮರ್ ಹೇಳುವುದಿಲ್ಲ. ನನ್ನ ಮನಸ್ಸಂತೂ ಲಾಳಿ ಬಿದ್ದ ಆ ಮಗ್ಗಕ್ಕೇ ಹೋಗುತ್ತದೆ. ಗುಡ್ಡೆಯನ್ನು ಅವಸರದಲ್ಲಿ ಏರಿಸಿದರು. ಅಕಿಲೀಸ್ ಒಪ್ಪಿದ ಕದನವಿರಾಮದ ಗಡುವಿಗೆ ಮುಂಚೆಯೇ ಗ್ರೀಕರು ಮೇಲೆ ಬಿದ್ದಾರೆಂದು ಸುತ್ತಲೂ ಕಾವಲಿತ್ತು. ಆಮೇಲೆ ಪ್ರಿಯಾಮನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತರು.