ಪೆಟ್ಟಿಗೆಯ ಮೇಲಿನ ಲಿಪಿ: ಗಡಿನಾಡಿನ ಮಗುವಿನ ಓದು ಮತ್ತು ಕಲಿಕಾ ನ್ಯೂನತೆಯ ಮಾಪನ

ಬೆಳಿಗ್ಗೆಯಿಂದ ಗಡಿನಾಡಿನ ಕಾವ್ಯ, ಜಾನಪದ, ಪತ್ರಿಕೆಗಳ ಬಗ್ಗೆ ಒಳ್ಳೆಯ ಪ್ರಬಂಧಗಳು ಬಂದವು. ನಾನು ಸಾಹಿತ್ಯದ ವಿದ್ಯಾರ್ಥಿನಿಯೇ, ಆದರೆ ಇವತ್ತು ಮಾತಾಡ್ಲಿಕ್ಕೆ ಹೊರಟದ್ದು ಒಂದು ಹಿಂದಿ ಸಿನಿಮಾದ ಎರಡು ದೃಶ್ಯಗಳ ಬಗ್ಗೆ. ಅದನ್ನು ಹಿಡ್ಕೊಂಡು ನಮ್ಮ ಶಾಲೆಗಳಲ್ಲಿ ‘ಈ ಮಗುವಿಗೆ ಏನೋ ತೊಂದರೆ ಉಂಟು’ ಅಂತ ಅನುಮಾನ ಬಂದಾಗ ನಡೆಯುವ ತಪಾಸಣೆಯ ಬಗ್ಗೆ. ವಿಷಯ ಗೋಷ್ಠಿಯಿಂದ ಸ್ವಲ್ಪ ಆಚೆ ಹೋಯಿತು ಅಂತ ಅನಿಸಿದರೆ ಪ್ರಶ್ನೋತ್ತರದಲ್ಲಿ ಕೇಳಿ.

ಸಿನಿಮಾ ‘ತಾರೇ ಜಮೀನ್ ಪರ್’. 2007ರಲ್ಲಿ ಬಂದದ್ದು. ಡಿಸ್ಲೆಕ್ಸಿಯಾ ಅನ್ನುವ ಶಬ್ದವನ್ನು ನಮ್ಮ ಮನೆಗಳಿಗೆ ತಂದದ್ದು ಅದೇ. ಅದರಲ್ಲಿ ಚಿತ್ರಕಲಾ ಮೇಷ್ಟ್ರು ಹುಡುಗನ ಮನೆಗೆ ಹೋಗ್ತಾರೆ. ಮಗ ಬೇಕಂತಲೇ ಓದುವುದಿಲ್ಲ, ಅದು ಅವನ ಉಡಾಫೆ ಅಂತ ಅಪ್ಪ ಸಿಟ್ಟಾಗಿರ್ತಾನೆ. ಮೇಷ್ಟ್ರು ಅಲ್ಲಿದ್ದ ಒಂದು ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟು ಅದರ ಮೇಲಿರುವುದನ್ನು ಓದು ಅಂತಾರೆ. ಅದರಲ್ಲಿ ಇರುವುದು ಅಪ್ಪನಿಗೆ ಬಾರದ ವಿದೇಶಿ ಲಿಪಿ. ಓದ್ಲಿಕ್ಕೆ ಆಗುವುದಿಲ್ಲ ಅಂದಾಗ ಮೇಷ್ಟ್ರು ಅಪ್ಪನದ್ದೇ ಮಾತನ್ನು ಅಪ್ಪನಿಗೆ ತಿರುಗಿಸ್ತಾರೆ: ನೀವು ಉಡಾಫೆ ಮಾಡ್ತಾ ಇದ್ದೀರಿ ಅಂತ. ಅಪ್ಪ ಸುಮ್ಮನಾಗ್ತಾನೆ, ನಾವು ಅಳ್ತೇವೆ. ನಾನೂ ಅತ್ತಿದ್ದೆ.

ಈಗ ಅದೇ ದೃಶ್ಯವನ್ನು ಗಡಿಯಲ್ಲಿ ಕೂತು ಇನ್ನೊಮ್ಮೆ ನೋಡಿ. ಅಪ್ಪನಿಗೆ ಓದ್ಲಿಕ್ಕೆ ಆಗದೇ ಇದ್ದದ್ದು ಅವನಿಗೆ ಆ ಲಿಪಿಯನ್ನು ಯಾರೂ ಕಲಿಸಲಿಲ್ಲ ಅಂತ. ಮಗನಿಗೆ ಕಲಿಸಿದರೂ ಆಗ್ತಾ ಇಲ್ಲ. ಇವೆರಡೂ ಒಂದೇ ಅಲ್ಲ. ರೂಪಕಕ್ಕೆ ಅಷ್ಟು ಸ್ವಾತಂತ್ರ್ಯ ಇರ್ಲಿ, ಮುಂಬಯಿಯ ಇಂಗ್ಲಿಷ್ ಮೀಡಿಯಂ ಹುಡುಗನ ಕತೆಯಲ್ಲಿ ಅದರಿಂದ ಯಾರಿಗೂ ನಷ್ಟ ಇಲ್ಲ. ಆದರೆ ಕಾಸರಗೋಡಿನಲ್ಲೋ ಜತ್ತದಲ್ಲೋ ಹೊಸೂರಿನಲ್ಲೋ ಒಂದು ಕನ್ನಡ ಮನೆಯ ಮಗುವಿನ ಮುಂದೆ ಆ ಪೆಟ್ಟಿಗೆ ದಿನಾ ಇರ್ತದೆ. ಅದಕ್ಕೆ ಬಾರದ ಲಿಪಿಯನ್ನು ಕೊಟ್ಟು ಓದು ಅಂತ ಹೇಳುವುದು ಅಲ್ಲಿ ರೂಪಕ ಅಲ್ಲ, ಟೈಮ್ ಟೇಬಲ್. ಆ ಮಗು ಓದದಿದ್ದಾಗ ಅದು ಅಪ್ಪನ ಸ್ಥಿತಿಯಲ್ಲಿ ಇದೆಯೋ ಮಗನ ಸ್ಥಿತಿಯಲ್ಲಿ ಇದೆಯೋ ಅಂತ ಬೇರೆ ಮಾಡಿ ಹೇಳುವುದೇ ಮಾಪನದ ಕೆಲಸ. ಸಿನಿಮಾದ ಅತ್ಯಂತ ಜನಪ್ರಿಯ ದೃಶ್ಯ ಇವೆರಡನ್ನೂ ಬೆಸೆದುಬಿಟ್ಟಿದೆ. ನಮ್ಮ ತಪಾಸಣೆಯೂ ಅದನ್ನೇ ಮಾಡ್ತದೆ, ಮತ್ತೆ, ಹೇಳ್ಲಿಕ್ಕೆ ಬೇಸರ, ನಮ್ಮ ಭಾಷಾಭಿಮಾನವೂ ಅದನ್ನೇ ಮಾಡ್ತದೆ.

ಮೊದಲು ತಪಾಸಣೆ. 1995ರ ಕಾಯ್ದೆಯಲ್ಲಿ ಅಂಗವೈಕಲ್ಯದ ಏಳು ವರ್ಗ ಮಾತ್ರ ಇದ್ದವು, ಕಲಿಕಾ ನ್ಯೂನತೆ ಅದರಲ್ಲಿ ಇರಲಿಲ್ಲ. 2016ರ ಕಾಯ್ದೆಯಲ್ಲಿ 21 ಆದವು, ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಸೇರಿತು. 2018ರ ಜನವರಿಯಲ್ಲಿ ಬಂದ ಮಾರ್ಗಸೂಚಿ ಪ್ರಕಾರ ಆಗ ಶಾಲೆಯಲ್ಲಿ ಮೂರನೇ ತರಗತಿ ಅಥವಾ ಎಂಟು ವರ್ಷದ ಹೊತ್ತಿಗೆ ಪ್ರಾಥಮಿಕ ತಪಾಸಣೆ, ಆಮೇಲೆ ಬುದ್ಧಿಮತ್ತೆಯ ಪರೀಕ್ಷೆ, ಅದರಲ್ಲಿ 85ಕ್ಕಿಂತ ಹೆಚ್ಚು ಬಂದರೆ ನಿಮ್ಹಾನ್ಸ್‌ನವರ ಪರೀಕ್ಷೆ. ಎಂಟು ವರ್ಷ ತುಂಬದೆ ಪ್ರಮಾಣಪತ್ರ ಇರಲಿಲ್ಲ. 14ಕ್ಕೆ ಮತ್ತು 18ಕ್ಕೆ ಇನ್ನೊಮ್ಮೆ ಪರೀಕ್ಷೆ ಇತ್ತು, 18ರದ್ದು ಜೀವನಪೂರ್ತಿಗೆ.

ಇದನ್ನು ನಾವು ಒಂದು ಪಠ್ಯ ಅಂತ ಇಟ್ಕೊಂಡು, ಕ್ಲಾಸಿನಲ್ಲಿ ಕೇಳುವ ಪ್ರಶ್ನೆಗಳನ್ನೇ ಕೇಳುವ. ಇಲ್ಲಿ ಮಾತಾಡುವವರು ಯಾರು, ಕೇಳುವವರು ಯಾರು, ಯಾವ ಭಾಷೆಯಲ್ಲಿ? ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಶಬ್ದಾರ್ಥ, ಸಾಮಾನ್ಯ ಜ್ಞಾನ, ಹೋಲಿಕೆ ಇಂಥ ಮಾತಿನ ಭಾಗ ಇರ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಎದುರಿಗೆ ಕೂತ ಪರೀಕ್ಷಕರಿಗೆ ಮಲಯಾಳ ಮತ್ತು ಇಂಗ್ಲಿಷ್ ಮಾತ್ರ ಅಂತಾದರೆ, ಮಗು ಓದುವ ಹಂತಕ್ಕೆ ಬರುವ ಮೊದಲೇ ಆ ಮಾರ್ಗಸೂಚಿಯ 85ರ ಹೊಸ್ತಿಲಲ್ಲಿ ಎಡವ್ತದೆ. ಆಗ ಅದು ಕಲಿಕಾ ನ್ಯೂನತೆಯ ಮಗು ಅಲ್ಲ, ‘ಮಂದಬುದ್ಧಿ’ ಆಗ್ತದೆ. ಹಣೆಪಟ್ಟಿಯೇ ಬೇರೆ, ಸಿಗುವ ಸಹಾಯವೂ ಬೇರೆ.

ಎಂಟು ವರ್ಷ ಅನ್ನುವುದರ ಬಗ್ಗೆಯೂ ಒಂದು ಮಾತು. ಕನ್ನಡ ಓದಿನ ಕಲಿಕೆಯ ಮೇಲೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದೇನಂದ್ರೆ, ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಅಕ್ಷರ ಕಲಿಯುವ ಕೆಲಸ ನಮ್ಮ ಮಕ್ಕಳಲ್ಲಿ ನಾಲ್ಕನೇ ತರಗತಿಯ ಹೊತ್ತಿಗೂ ಮುಂದುವರಿಯುತ್ತಾ ಇರ್ತದೆ. ಇಂಗ್ಲಿಷ್‌ನ 26 ಅಕ್ಷರದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಂದರೆ ಮೂರನೇ ತರಗತಿಯಲ್ಲಿ ಒತ್ತಕ್ಷರ ತಪ್ಪುವುದೊಂದನ್ನೇ ಲಕ್ಷಣ ಅಂತ ಹಿಡಿಯುವ ಹಾಗಿಲ್ಲ.

ಗಡಿಯಲ್ಲಿ ಅದರ ಮೇಲೆ ಇನ್ನೊಂದು ಲಿಪಿ ಬಂದು ಕೂರ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳ್ತೇನೆ, ಯಾಕಂದರೆ ನನಗೆ ಇದರಲ್ಲೇ ಹೆಚ್ಚು ಕುತೂಹಲ. ಕನ್ನಡದಲ್ಲಿ ‘ಕೆ’ ಬರೆಯುವಾಗ ಎಕಾರದ ಗುರುತು ತಲೆಯ ಮೇಲೆ ಬರ್ತದೆ. ಮಲಯಾಳದಲ್ಲಿ ಅದೇ ಗುರುತು ವ್ಯಂಜನದ ಎಡಕ್ಕೆ, ಅಂದರೆ ಮೊದಲೇ ಬರ್ತದೆ. ‘ಕ್ರ’ ಬರೆಯುವಾಗ ನಾವು ರಕಾರವನ್ನು ಕೆಳಗೆ ಬಲಕ್ಕೆ ಎಳೀತೇವೆ. 1971ರ ಸುಧಾರಣೆಯ ನಂತರದ ಮಲಯಾಳ ಲಿಪಿಯಲ್ಲಿ ಆ ಗುರುತೂ ಎಡಕ್ಕೆ. ಅತ್ತ ಸೊಲ್ಲಾಪುರ, ಅಕ್ಕಲಕೋಟೆ ಕಡೆ ಹೋದರೆ ದೇವನಾಗರಿಯಲ್ಲಿ ಹ್ರಸ್ವ ಇಕಾರ ಎಡಕ್ಕೆ. ‘ಸೂರ್ಯ’ದ ರಕಾರ ಅಲ್ಲಿ ಯಕಾರದ ತಲೆ ಮೇಲೆ ಹೋಗಿ ಕೂತರೆ, ನಮ್ಮ ಅರ್ಕಾವತ್ತು ಎಲ್ಲ ಮುಗಿದ ಮೇಲೆ ಕೊನೆಗೆ ಬರ್ತದೆ. ಉಚ್ಚಾರದಲ್ಲಿ ಮೊದಲು, ಬರಹದಲ್ಲಿ ಆಮೇಲೆ. ಎರಡು ಲಿಪಿಯನ್ನು ಒಟ್ಟೊಟ್ಟಿಗೆ ಕಲಿಯುವ ಮಗು ಗುರುತುಗಳನ್ನು ಹಿಂದೆ ಮುಂದೆ ಮಾಡಿದರೆ ಅದು ಪರೀಕ್ಷಕರ ಕಣ್ಣಿಗೆ ಅಕ್ಷರ ತಿರುಗುಮುರುಗಾದ ಹಾಗೆ ಕಾಣಬಹುದು. ಅಕ್ಷರ ತಿರುಗುಮುರುಗು ಅಂದ ಕೂಡಲೇ ಎಲ್ಲರಿಗೂ ಸಿನಿಮಾದ ಹುಡುಗನ ಕಾಪಿ ಪುಸ್ತಕ ನೆನಪಾಗ್ತದೆ. ಹಾಗೆಯೇ ‘ಹಾಲು’ ಅನ್ನುವುದನ್ನು ‘ಆಲು’ ಅಂತ, ‘ಶಾಲೆ’ಯನ್ನು ‘ಸಾಲಿ’ ಅಂತ ಓದಿದ್ದು ತಪ್ಪೋ ಅಥವಾ ಮನೆಯ ಕನ್ನಡವೋ ಅಂತ ಗುರುತಿಸ್ಲಿಕ್ಕೆ ಪರೀಕ್ಷಕರಿಗೆ ಆ ಊರಿನ ಮಾತು ಕಿವಿಯಲ್ಲಿ ಇರಬೇಕು.

ಕನ್ನಡದಲ್ಲಿ ಸಾಧನಗಳೇ ಇಲ್ಲ ಅಂತೇನೂ ಅಲ್ಲ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು ರೂಪಿಸಿದ ‘ಡಾಲಿ’ ಅನ್ನುವ ಡಿಸ್ಲೆಕ್ಸಿಯಾ ಮಾಪನ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆ ಕನ್ನಡದಲ್ಲೂ ಉಂಟು. ಇನ್ನೂ ಹಿಂದೆ ಹೋದರೆ, ಧಾರವಾಡದ ವಿ. ವಿ. ಕಾಮತ್ ಬಿನೆಯ ಬುದ್ಧಿಮತ್ತೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ 1934ರಲ್ಲೇ ಪ್ರಕಟಿಸಿದ್ದರು. ಇದು ನನಗೆ ಗೊತ್ತಾದಾಗ ನಿಜಕ್ಕೂ ಖುಷಿಯಾಯಿತು, ಭಾರತದಲ್ಲಿ ಇಂಥ ಕೆಲಸ ಆರಂಭವಾದ ಜಾಗಗಳಲ್ಲಿ ನಮ್ಮದೂ ಒಂದು ಅಂತ. ಆದರೆ ಆ ಲೇಖನದ ಶೀರ್ಷಿಕೆ ಹೇಳುವುದು ಕನ್ನಡ ಮಾತಾಡುವ ಮಕ್ಕಳು, ಮರಾಠಿ ಮಾತಾಡುವ ಮಕ್ಕಳು ಅಂತ. ಅಮ್ಮನ ಹತ್ತಿರ ಕನ್ನಡ, ಓಣಿಯಲ್ಲಿ ಮರಾಠಿ ಮಾತಾಡುವ ಜತ್ತದ ಮಗುವನ್ನು ಯಾವ ಕಡೆ ಕೂರಿಸೋಣ? ಇಷ್ಟು ವರ್ಷದ ಮೇಲೂ ನಮ್ಮ ಅರ್ಜಿ ನಮೂನೆಗಳಲ್ಲಿ ‘ಮಾತೃಭಾಷೆ’ ಅನ್ನುವ ಕಡೆ ಒಂದೇ ಗೆರೆ ಇರ್ತದೆ.

ಇಷ್ಟು ಹೇಳಿ ನಿಲ್ಲಿಸಿದ್ದರೆ ಚಪ್ಪಾಳೆ ಸಿಗ್ತಿತ್ತೋ ಏನೋ. ಎರಡು ವರ್ಷದ ಹಿಂದೆ ನಾನೂ ಇಲ್ಲಿಗೇ ನಿಲ್ಲಿಸಿದ್ದೆ. ನಮ್ಮ ಮನೆ ಹತ್ತಿರದ ಒಬ್ಬ ಹುಡುಗ, ಆಗ ಮೂರನೇ ತರಗತಿ. ಮನೆಯಲ್ಲಿ ತುಳು, ಕನ್ನಡ ಮೀಡಿಯಂ. ತಪಾಸಣೆಗೆ ಬಂದವರಿಗೆ ಕನ್ನಡ ಬರ್ತಿರಲಿಲ್ಲ. ಮಲಯಾಳದಲ್ಲಿ ಕೇಳಿದರು, ಸ್ವಲ್ಪ ಇಂಗ್ಲಿಷ್, ಹೆಚ್ಚಿನ ಪರೀಕ್ಷೆಗೆ ಕಳಿಸಿ ಅಂತ ಬರೆದು ಹೋದರು. ನಮಗೆ ಸಿಟ್ಟು ಬಂತು. ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದ್ದಕ್ಕೆ ಹೋರಾಟ ಮಾಡಿದ ಊರು ನಮ್ಮದು, 2017ರ ಮಲಯಾಳ ಕಡ್ಡಾಯದ ಸಮಯದಲ್ಲಿ ಬೀದಿಗೆ ಇಳಿದದ್ದು ಎಲ್ಲರ ನೆನಪಲ್ಲೂ ಉಂಟು. ‘ಹುಡುಗನಿಗೆ ಎಂತದ್ದೂ ಆಗಲಿಲ್ಲ, ಭಾಷೆಯ ಸಮಸ್ಯೆ’ ಅಂತ ನಾವು ಮನವಿ ಬರೆದೆವು. ಬರೆದು ಕೊಟ್ಟವಳು ನಾನೇ. ಕ್ಯಾಲಿಫೋರ್ನಿಯಾದ 1970ರ ಡಯಾನಾ ಮೊಕದ್ದಮೆಯನ್ನೂ ಉಲ್ಲೇಖಿಸಿದ್ದೆ. ಸ್ಪಾನಿಷ್ ಮನೆಮಾತಿನ ಮಕ್ಕಳಿಗೆ ಇಂಗ್ಲಿಷ್‌ನಲ್ಲಿ ಪರೀಕ್ಷೆ ಮಾಡಿ ಬುದ್ಧಿಮಾಂದ್ಯರ ತರಗತಿಗೆ ಹಾಕಿದ್ದರು, ಕೊನೆಗೆ ಮನೆಯ ಭಾಷೆಯಲ್ಲೂ ಪರೀಕ್ಷಿಸಬೇಕು ಅಂತ ಒಪ್ಪಂದ ಆಯಿತು. ಮನೆಯವರಿಗೆ ಸಮಾಧಾನ ಆಯಿತು. ಹೆಚ್ಚಿನ ಪರೀಕ್ಷೆಗೆ ಯಾರೂ ಕರ್ಕೊಂಡು ಹೋಗಲಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಅವನಿಗೆ ನಾನು ಪಾಠ ಹೇಳಿಕೊಟ್ಟೆ. ಐದನೇ ತರಗತಿ ಮುಗಿದಿತ್ತು. ಕನ್ನಡದಲ್ಲೂ ಅವನಿಗೆ ಒಂದು ಸಾಲು ಓದ್ಲಿಕ್ಕೆ ಆಗುವುದಿಲ್ಲ. ನಿನ್ನೆ ಓದಿದ ಶಬ್ದ ಇವತ್ತು ಹೊಸದು. ಅದೇ ಹುಡುಗ ಹಿಂದಿನ ರಾತ್ರಿ ನೋಡಿದ ಅಭಿಮನ್ಯು ಕಾಳಗವನ್ನು ತುಳುವಿನಲ್ಲಿ ನನಗೆ ಮುಕ್ಕಾಲು ಗಂಟೆ ಹೇಳಿದ, ಯಾವ ವೇಷ ಯಾವಾಗ ಬಂತು, ಸುಭದ್ರೆ ಏನಂದಳು, ದ್ರೋಣ ಯಾಕೆ ಸುಮ್ಮನಿದ್ದ ಎಲ್ಲ ಸೇರಿಸಿ.

ಇಲ್ಲಿ ಸಿನಿಮಾದ ಎರಡನೇ ದೃಶ್ಯಕ್ಕೆ ಬರ್ತೇನೆ. ಬೋರ್ಡಿಂಗ್ ಶಾಲೆಯ ಹಿಂದಿ ಕ್ಲಾಸಿನಲ್ಲಿ ಒಂದು ಪದ್ಯದ ಅರ್ಥ ಕೇಳ್ತಾರೆ. ಹುಡುಗ ತನಗೆ ಹೊಳೆದದ್ದನ್ನು ತನ್ನ ಮಾತಿನಲ್ಲಿ ಹೇಳ್ತಾನೆ. ಮೇಷ್ಟ್ರಿಗೆ ಅದು ಬೇಡ, ಬಾಯಿಪಾಠದ ಅರ್ಥ ಬೇಕು. ಆಮೇಲೆ ಪಕ್ಕದ ಗೆಳೆಯ ಹೇಳ್ತಾನೆ, ನಿಜವಾದ ಅರ್ಥ ಹೇಳಿದ್ದು ನೀನೇ ಅಂತ. ಪೆಟ್ಟಿಗೆಯ ದೃಶ್ಯದ ಬಗ್ಗೆ ಮಾತಾಡುವವರು ಇದನ್ನು ಬಿಟ್ಟುಬಿಡ್ತಾರೆ. ನನ್ನ ಪ್ರಕಾರ ಮಾಪನಕ್ಕೆ ನಿಜವಾಗಿ ಬೇಕಾದದ್ದು ಇದು. ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿಗೂ ಕಣ್ಣಿಟ್ಟು ಓದುವ ಶಕ್ತಿಗೂ ಇರುವ ಅಂತರ ಇಲ್ಲಿ ಕಾಣ್ತದೆ. ಭಾಷೆ ಬಾರದ ಮಗುವಿಗೆ ಆ ಭಾಷೆಯಲ್ಲಿ ಕೇಳಿದ್ದೂ ಅರ್ಥ ಆಗುವುದಿಲ್ಲ, ಆದರೆ ಚೆನ್ನಾಗಿ ಬರುವ ಭಾಷೆಯಲ್ಲಿ ಕಲಿಸಿದರೆ ಓದು ನಿಧಾನಕ್ಕೆ ಬರ್ತದೆ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಕೇಳಿದ್ದು ಚೆನ್ನಾಗಿ ಅರ್ಥ ಆಗಬಹುದು, ಆದರೆ ಬಲವಾದ ಭಾಷೆಯಲ್ಲೂ ಓದು ಮಾತ್ರ ಹಟ ಮಾಡ್ತದೆ. ನಮ್ಮ ಹುಡುಗನದ್ದು ಎರಡನೆಯದ್ದು ಅಂತ ನನ್ನ ಅನುಮಾನ. ಅನುಮಾನ ಮಾತ್ರ, ನಾನು ಪರೀಕ್ಷಕಿ ಅಲ್ಲ. ಮಲಯಾಳದಲ್ಲಿ ಪರೀಕ್ಷೆ ಮಾಡಿದವರು ವಿಧಾನದಲ್ಲಿ ತಪ್ಪಿದ್ದರು, ಅನುಮಾನದಲ್ಲಿ ಬಹುಶಃ ತಪ್ಪಿರಲಿಲ್ಲ. ನಾನು ಕೇಳಬೇಕಾಗಿದ್ದದ್ದು ಕನ್ನಡದಲ್ಲೂ ತುಳುವಿನಲ್ಲೂ ಪರೀಕ್ಷೆ ಮಾಡಿ ಅಂತ. ಕೇಳಿದ್ದು ಪರೀಕ್ಷೆಯೇ ಬೇಡ ಅಂತ. ಡಯಾನಾ ಮೊಕದ್ದಮೆಯಲ್ಲೂ ಯಾರೂ ಪರೀಕ್ಷೆ ನಿಲ್ಲಿಸಿ ಅಂತ ಒಪ್ಪಂದ ಮಾಡಿಕೊಂಡಿರಲಿಲ್ಲ. ನಾನು ಅರ್ಧ ಓದಿದ್ದೆ.

ಇನ್ನೊಂದು ಮಾತು ಹೇಳದಿದ್ದರೆ ಆಗುವುದಿಲ್ಲ, ಪ್ರಮಾಣಪತ್ರ ಸಿಕ್ಕಿದ ಮೇಲಿನದ್ದು. ಸಹಾಯಕ ಬರಹಗಾರರು, ಹೆಚ್ಚಿನ ಸಮಯ ಇವು ಸರಿ. ಆದರೆ ಸಿಬಿಎಸ್‌ಇಯಂಥ ಕಡೆ ಇಂಥ ಮಕ್ಕಳಿಗೆ ಮೂರನೇ ಭಾಷೆಯಿಂದ ವಿನಾಯಿತಿ, ಮುಂದೆ ಎರಡರ ಬದಲು ಒಂದೇ ಭಾಷೆ ಓದುವ ಅವಕಾಶ ಉಂಟು. ಮಗುವಿಗೆ ಅದರಿಂದ ಹೊರೆ ಇಳೀತದೆ, ನಾನು ವಿರೋಧಿಸುವುದಿಲ್ಲ. ಗಡಿಯಲ್ಲಿ ಬಿಡುವುದು ಯಾವ ಭಾಷೆಯನ್ನು? ಇಂಗ್ಲಿಷ್ ಬಿಡುವುದಿಲ್ಲ. ರಾಜ್ಯದ ಭಾಷೆ ಬಿಡ್ಲಿಕ್ಕೆ ಹೆದರಿಕೆ. ಉಳಿಯುವುದು ಕನ್ನಡ. ಮಗು ಮಾತಿನಲ್ಲಿ ಅತ್ಯಂತ ಗಟ್ಟಿಯಾಗಿರುವ ಭಾಷೆಯೇ ಓದಿನಿಂದ ಹೊರಗೆ ಹೋಗ್ತದೆ.

ಚಾಟ್‌ನಲ್ಲಿ ಸೊಲ್ಲಾಪುರದವರೊಬ್ಬರು ಕೇಳಿದ್ದಾರೆ: ಹಾಗಾದರೆ ನಮ್ಮಂಥ ಸಾಹಿತ್ಯದವರಿಗೆ ಇಲ್ಲಿ ಕೆಲಸ ಏನು ಅಂತ. ಉಂಟು. ಪರೀಕ್ಷೆಗೆ ಬೇಕಾದ ಕತೆ, ವಾಕ್ಯ, ಶಬ್ದಪಟ್ಟಿ ಯಾವ ಕನ್ನಡದಲ್ಲಿ ಇರಬೇಕು ಅಂತ ಹೇಳಬಲ್ಲವರು ಉಪಭಾಷೆ ಓದಿದ ನಾವೇ. ಮಡಕಶಿರಾದ ಮಗುವಿಗೂ ತಾಳವಾಡಿಯ ಮಗುವಿಗೂ ಒಂದೇ ಪಟ್ಟಿ ಆಗುವುದಿಲ್ಲ. ಮಕ್ಕಳು ಮನೆಮಾತಿನಲ್ಲಿ ಕತೆ ಹೇಳುವುದನ್ನು ಧ್ವನಿಮುದ್ರಿಸಿ ಇಟ್ಟರೆ ತಪಾಸಣೆಗೆ ಬರುವವರಿಗೆ ಕನಿಷ್ಠ ಕೇಳಿಸ್ಲಿಕ್ಕೆ ಆಗ್ತದೆ. ನನ್ನ ಹತ್ತಿರ ಈಗ ಒಂದೇ ಉಂಟು, ಆ ಅಭಿಮನ್ಯು ಕಾಳಗ, ಹಿನ್ನೆಲೆಯಲ್ಲಿ ಕೋಳಿ ಕೂಗುವುದೂ ಸೇರಿ. ಹುಡುಗನ ಅಮ್ಮ ಮುಂದಿನ ತಿಂಗಳು ಅವನನ್ನು ಪರೀಕ್ಷೆಗೆ ಕರ್ಕೊಂಡು ಹೋಗ್ತಾರೆ. ಅದನ್ನು ಹಿಡ್ಕೊಂಡು ನಾನೂ ಜೊತೆಗೆ ಹೋಗುವವಳಿದ್ದೇನೆ.