ಮೃಗಯಾವಿನಯ: ಫಾಕ್ನರನ ಬೇಟೆಯ ಕಥೆಗಳು

ಮೃಗಯೆಯನ್ನು ಮಹಾಕಾವ್ಯದ ವರ್ಣನೆಗಳಲ್ಲಿ ಒಂದನ್ನಾಗಿ ಸಾಹಿತ್ಯದರ್ಪಣಕಾರನು ಎಣಿಸಿರುವನು. ಅದೇ ಮೃಗಯೆಯನ್ನು ಮನುವು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳ ಪಂಕ್ತಿಯಲ್ಲಿ ಮೊಟ್ಟಮೊದಲು ಹೇಳಿರುವನು. ಕಾವ್ಯಕ್ಕೆ ಭೂಷಣವಾದುದು ಅರಸನಿಗೆ ದೂಷಣವಾಗಿರುವ ಈ ವಿರೋಧವನ್ನು ಪ್ರಾಚೀನ ಕವಿಗಳು ಚೆನ್ನಾಗಿ ಅರಿತಿದ್ದರು. ಆನೆಯೆಂದು ಭ್ರಮಿಸಿ ದಶರಥನು ಬಿಟ್ಟ ಬಾಣವು ಮುನಿಕುಮಾರನಿಗೆ ನಾಟಿತು. ಪಾಂಡುವಿನ ಬಾಣವು ಜಿಂಕೆಯ ರೂಪದಲ್ಲಿದ್ದ ಋಷಿಗೆ ನಾಟಿತು. ದುಷ್ಯಂತನೊಬ್ಬನು ತಾಪಸನ ಮಾತಿಗೆ ಮನ್ನಣೆಯಿತ್ತು ಹೂಡಿದ ಬಾಣವನ್ನು ಹಿಂದೆಗೆದನು. ಆದರೂ ಆ ದಿನದ ಬೇಟೆಯ ನೋವು ಶಕುಂತಲೆಗೆ ತಪ್ಪಲಿಲ್ಲ. ಕಾಡಿನಲ್ಲಿ ತೊಡಗಿದ ಬೇಟೆಯು ಮನುಷ್ಯರ ಮನೆಯಲ್ಲಿಯೇ ಹೋಗಿ ಮುಗಿಯುವುದೆಂಬ ಈ ಅಭಿಪ್ರಾಯವನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೆರಿಕಾದ ವಿಲಿಯಂ ಫಾಕ್ನರನ (೧೮೯೭-೧೯೬೨) ಬೇಟೆಯ ಕಥೆಗಳನ್ನು ಓದಿದರೆ, ಅಲ್ಲಿಯ ವಿಮರ್ಶಕರು ಹಲವರು ಮೆಚ್ಚಿದ ಭಾಗಗಳಿಗಿಂತ ಅವರು ಬೇಸರಪಟ್ಟ ಭಾಗಗಳೇ ಹೆಚ್ಚು ಬೆಲೆಯುಳ್ಳವಾಗಿ ತೋರುವುವು.

ಫಾಕ್ನರನು ಮಿಸಿಸಿಪಿ ಸಂಸ್ಥಾನದವನು. ೧೯೪೯ರ ನೊಬೆಲ್ ಪಾರಿತೋಷಕವನ್ನು ಪಡೆದವನು. ೧೯೪೨ರಲ್ಲಿ ಪ್ರಕಟವಾದ ಆತನ ‘ಗೋ ಡೌನ್, ಮೋಸಸ್’ ಎಂಬ ಗ್ರಂಥದಲ್ಲಿ ಏಳು ಕಥೆಗಳಿವೆ. ಅವುಗಳಲ್ಲಿ ‘ದಿ ಓಲ್ಡ್ ಪೀಪಲ್’, ‘ದಿ ಬೇರ್’, ‘ಡೆಲ್ಟಾ ಆಟಮ್’ ಎಂಬ ಮೂರು ಬೇಟೆಯವು. ವರ್ಷಕ್ಕೊಮ್ಮೆ ನವೆಂಬರ್ ತಿಂಗಳಲ್ಲಿ ಊರಿನ ಕೆಲವರು ಗಾಡಿ ಕಟ್ಟಿಕೊಂಡು ದೊಡ್ಡ ನದಿಯ ಬಯಲಿನ ಕಾಡಿಗೆ ಹೋಗಿ ಎರಡು ವಾರ ಬಿಡಾರ ಮಾಡುವರು. ಸೇನೆಯಲ್ಲಿ ಅಧಿಕಾರದಲ್ಲಿದ್ದ ಮೇಜರ್ ಡಿ ಸ್ಪೇನ್, ಜನರಲ್ ಕಾಂಪ್ಸನ್ ಮುಂತಾದ ದೊಡ್ಡವರು, ಒರಟನಾದ ಬೂನ್, ಅಡಿಗೆಯ ಆಶ್, ಬೇಟೆನಾಯಿಗಳು, ಇವರೆಲ್ಲರ ನಡುವೆ ಐಸಾಕ್ ಮೆಕ್ಯಾಸ್ಲಿನ್ ಎಂಬ ಹುಡುಗ. ಜಿಂಕೆ, ಕರಡಿ, ಕಾಡಿನ ಟರ್ಕಿಕೋಳಿ, ಅಳಿಲು ಇವೇ ಅಲ್ಲಿಯ ಆಹಾರ. ರಾತ್ರಿ ಬೆಂಕಿಯ ಸುತ್ತಲೂ ಕುಳಿತು ಹಳೆಯ ಬೇಟೆಗಳ ಮಾತು. ಬಿಡಾರದಲ್ಲಿ ಪದವಿ ಅಂತಸ್ತುಗಳಿಲ್ಲ, ಬೇಟೆ ಬಲ್ಲವನೇ ದೊಡ್ಡವನು ಎಂದು ಅವರು ನಂಬಿರುವರು. ಒಲೆಯ ಮುಂದೆ ಇರುವವನು ಮಾತ್ರ ಎಲ್ಲ ವರ್ಷವೂ ಆಶ್ ಒಬ್ಬನೇ; ಇದನ್ನು ಕಥಾಕಾರನು ಮರೆತಿಲ್ಲ, ಓದುಗರೂ ಮರೆಯಬಾರದು.

ಹುಡುಗನಿಗೆ ಗುರುವಾಗಿ ದೊರೆತವನು ಸ್ಯಾಮ್ ಫಾದರ್ಸ್. ಈತನು ಚಿಕಸಾ ಜನಾಂಗದ ನಾಯಕನಿಗೆ ದಾಸಿಯಲ್ಲಿ ಹುಟ್ಟಿದವನು. ತಂದೆಯೇ ಈತನನ್ನೂ ಈತನ ತಾಯಿಯನ್ನೂ ಮೆಕ್ಯಾಸ್ಲಿನ್ ಮನೆತನದ ಹಿರಿಯನಿಗೆ ಮಾರಿಬಿಟ್ಟನು. ಚಿಕಸಾ ಜನರು ೧೮೩೨ರ ಒಪ್ಪಂದದಿಂದ ಆ ನೆಲವನ್ನೆಲ್ಲ ಬಿಟ್ಟುಕೊಟ್ಟು ಪಶ್ಚಿಮಕ್ಕೆ ಹೋಗಬೇಕಾಯಿತು. ಹೀಗೆ ನೆಲವನ್ನೂ ಸ್ವಾತಂತ್ರ್ಯವನ್ನೂ ಕಳೆದುಕೊಂಡವನೇ ನೆಲದ ಒಡೆಯರ ಮಗನಿಗೆ ಕಾಡಿನ ವಿದ್ಯೆಯನ್ನು ಕಲಿಸುವನು. ಹನ್ನೆರಡನೆಯ ವಯಸ್ಸಿನಲ್ಲಿ ಹುಡುಗನು ಮೊದಲ ಗಂಡುಜಿಂಕೆಯನ್ನು ಹೊಡೆದಾಗ ಗುರುವು ಅದರ ಬಿಸಿನೆತ್ತರನ್ನು ಅವನ ಮುಖಕ್ಕೆ ಬಳಿಯುವನು. ಇದು ಜಯದ ತಿಲಕವಲ್ಲ, ಋಣದ ಗುರುತು. ಅದೇ ದಿನ ಮತ್ತೊಂದು ಮಹಾಮೃಗವು ಎದುರಿಗೆ ನಡೆದುಬರಲು ಸ್ಯಾಮನು ಬಂದೂಕವನ್ನೆತ್ತದೆ, ಕೈಯೆತ್ತಿ, ಅದನ್ನು ಅಜ್ಜನೆಂದು ಕರೆದು ವಂದಿಸುವನು. ಕೊಲ್ಲುವುದನ್ನು ಕಲಿಸಿದ ಮುಹೂರ್ತದಲ್ಲಿಯೇ ಕೊಲ್ಲದಿರುವುದನ್ನೂ ಕಲಿಸುವ ಈ ಸನ್ನಿವೇಶವು ಗ್ರಂಥದಲ್ಲೆಲ್ಲ ಉತ್ತಮವಾದುದು. ಕರಡಿಯನ್ನು ಕಾಣಬಯಸಿದ ಹುಡುಗನು ಮೊದಲು ಬಂದೂಕವನ್ನು, ಬಳಿಕ ಗಡಿಯಾರವನ್ನೂ ದಿಕ್ಸೂಚಿಯನ್ನೂ ತ್ಯಜಿಸಿ ಬರಿಗೈಯಲ್ಲಿ ನಡೆದ ಮೇಲೆಯೇ ಅದರ ದರ್ಶನವಾಗುವುದು. ಪಾಠಶಾಲೆಯಲ್ಲಿ ಓದಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಅಧಿಕಾರವು ತ್ಯಾಗದಿಂದ ಬರುವುದೆಂಬ ಮಾತನ್ನು ಈ ಪರದೇಶದ ಕಥೆಯು ಉಪದೇಶವಿಲ್ಲದೆ ಹೇಳಿಬಿಟ್ಟಿದೆ.

ಫಾಕ್ನರನ ವಾಕ್ಯಗಳು ಅತಿದೀರ್ಘವೆಂದು ಆಂಗ್ಲರು ದೂರುವರು. ಬಾಣಭಟ್ಟನನ್ನು ಓದಿದವರು ಇದಕ್ಕೆ ಅಂಜಬೇಕಾದ ಕಾರಣವಿಲ್ಲ. ಬಾಣನ ಹೆಸರು ಬಂದುದರಿಂದ ಒಂದು ಮಾತು: ಕಾದಂಬರಿಯ ಶಬರರ ಬೇಟೆಯನ್ನು ನಾಗವರ್ಮನ ಕನ್ನಡದಲ್ಲಿಯೂ ಅನೇಕರು ಓದಿರುವರು. ಆ ಬೇಟೆಯನ್ನು ಹೇಳುವವನು ಬೇಡನಲ್ಲ, ತಂದೆಯ ರೆಕ್ಕೆಯ ಮರೆಯಲ್ಲಿ ನಡುಗುತ್ತಿದ್ದ ಗಿಳಿಯ ಮರಿ. ಬೇಟೆಯ ಕೋಲಾಹಲವನ್ನು ಬೇಟೆಗೆ ಸಿಕ್ಕುವ ಜೀವದ ಕಿವಿಯಿಂದ ಕೇಳಿಸಿದ ಧೈರ್ಯವು ಫಾಕ್ನರನಿಗೆ ಇಲ್ಲ. ಆತನ ಕರಡಿಯು ಮಹಿಮೆಯುಳ್ಳದ್ದು. ಆದರೆ ಅದರ ನೋವು ನಮಗೆ ತಿಳಿಯುವುದಿಲ್ಲ.

‘ದಿ ಬೇರ್’ ಕಥೆಯಲ್ಲಿ ಐದು ಭಾಗಗಳಿವೆ. ಮೂರನೆಯ ಭಾಗದ ಕೊನೆಗೆ ಬೂನನು ಕತ್ತಿಯಿಂದ ಕರಡಿಯನ್ನು ಇರಿದು ಕೊಲ್ಲುವನು. ನಾಯಿಯೂ ಸ್ಯಾಮನೂ ಸಾಯುವರು. ಐದನೆಯದರಲ್ಲಿ ಕಾಡನ್ನು ಮರದ ವ್ಯಾಪಾರಿಗಳಿಗೆ ಮಾರಿಯಾಗಿದೆ. ದಿಮ್ಮಿಯನ್ನೆಳೆಯುವ ರೈಲುಬಂಡಿಯು ಒಳಗೆ ನುಗ್ಗಿದೆ. ಇವೆರಡರ ನಡುವೆ ನಾಲ್ಕನೆಯ ಭಾಗದಲ್ಲಿ ಬೇಟೆಯೇ ಇಲ್ಲ. ಐಸಾಕನು ಮನೆಯ ಹಳೆಯ ಲೆಕ್ಕದ ಪುಸ್ತಕಗಳನ್ನು ಬಿಚ್ಚಿ, ತನ್ನ ಅಜ್ಜನು ದಾಸಿಯಲ್ಲಿಯೂ, ಆ ದಾಸಿಯಲ್ಲಿ ತನಗೇ ಹುಟ್ಟಿದ ಮಗಳಲ್ಲಿಯೂ ಸಂತಾನವನ್ನು ಪಡೆದನೆಂಬ ಘೋರವನ್ನು ಓದಿ, ಇಪ್ಪತ್ತೊಂದನೆಯ ವರ್ಷದಲ್ಲಿ ತನಗೆ ಬಂದ ಆಸ್ತಿಯನ್ನು ಬೇಡವೆನ್ನುವನು. ಈ ಭಾಗವು ಉದ್ದವಾದುದು, ತೊಡಕಾದುದು. ಮಮ್ಮಟನು ಎಣಿಸಿದ ರಸದೋಷಗಳಲ್ಲಿ ಅಕಾಂಡಪ್ರಥನ, ಎಂದರೆ ಸಮಯವಲ್ಲದ ಸಮಯದಲ್ಲಿ ವಿಸ್ತರಿಸುವಿಕೆ, ಒಂದಷ್ಟೆ; ಅದಕ್ಕೆ ಉದಾಹರಣೆಯಾಗಿ ಇದನ್ನು ತೋರಿಸಬಹುದೆಂದು ಮೊದಲ ಓದಿಗೆ ಅನ್ನಿಸುವುದು. ಗ್ರಂಥಕರ್ತನೇ ೧೯೫೫ರಲ್ಲಿ ತನ್ನ ಬೇಟೆಯ ಕಥೆಗಳನ್ನು ಕೂಡಿಸಿ ‘ಬಿಗ್ ವುಡ್ಸ್’ ಎಂದು ಪ್ರಕಟಿಸಿದಾಗ ಈ ಭಾಗವನ್ನು ಬಿಟ್ಟನು. ಆಗ ಕಥೆಯು ನಯವಾಯಿತು, ಬೇಟೆಗಾರರ ಮನಸ್ಸಿಗೆ ಹಿಡಿಸಿತು. ಕಾಡು ಹೋಯಿತು, ಸತ್ಯಯುಗ ಹೋಯಿತು ಎಂಬ ಕರುಣರಸವು ಮಾತ್ರ ಉಳಿಯಿತು.

ಆದರೆ ಹೀಗೆ ಬಿಟ್ಟುದೇ ತಪ್ಪೆಂದು ಹೇಳಬೇಕಾಗಿದೆ. ಲೆಕ್ಕದ ಪುಸ್ತಕವಿಲ್ಲದ ಬೇಟೆಯ ಕಥೆಯು ಅರ್ಧಸತ್ಯ. ಮೃಗಕ್ಕೆ ತೋರಿದ ವಿನಯವನ್ನು ಮನುಷ್ಯರಿಗೆ ತೋರದ ಸಮಾಜವೊಂದು ತನ್ನ ಕಾಡಿನ ಮುಖವನ್ನು ಮಾತ್ರ ಕನ್ನಡಿಯಲ್ಲಿ ನೋಡಿಕೊಂಡಂತೆ ಅದು. ಇದು ಕಲ್ಪನೆಯ ಮಾತಲ್ಲ. ೧೯೦೨ರ ನವೆಂಬರಿನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನು ಇದೇ ಮಿಸಿಸಿಪಿಯ ಬಯಲಿಗೆ ಕರಡಿಯ ಬೇಟೆಗೆ ಬಂದನು. ಬೇಟೆಯ ಮುಂದಾಳಾದ ಹೋಲ್ಟ್ ಕಾಲಿಯರನು ಕರಡಿಯೊಂದನ್ನು ಹಿಡಿದು ಮರಕ್ಕೆ ಕಟ್ಟಿ ಅಧ್ಯಕ್ಷನನ್ನು ಕರೆಸಿದನು. ಕಟ್ಟಿದ ಪ್ರಾಣಿಗೆ ಗುಂಡು ಹೊಡೆಯುವುದು ಬೇಟೆಯ ಧರ್ಮವಲ್ಲವೆಂದು ರೂಸ್‌ವೆಲ್ಟನು ಒಲ್ಲೆನೆಂದನು. ಗಾಯಗೊಂಡಿದ್ದ ಅದನ್ನು ಬೇರೆಯವರು ಕತ್ತಿಯಿಂದ ಕೊಂದರು. ಆ ದಾಕ್ಷಿಣ್ಯವನ್ನು ಪತ್ರಿಕೆಗಳು ಕೊಂಡಾಡಿದುವು. ಅದರಿಂದಲೇ ‘ಟೆಡ್ಡಿ’ ಎಂಬ ಆಟದ ಕರಡಿಯು ಹುಟ್ಟಿ ಲೋಕದ ಮಕ್ಕಳ ಕೈ ಸೇರಿತು. ಕರಡಿಯನ್ನು ಕಟ್ಟಿದ ಕಾಲಿಯರನು ದಾಸನಾಗಿ ಹುಟ್ಟಿದವನೆಂಬುದನ್ನು ಬಲ್ಲವರು ಎಷ್ಟು ಮಂದಿ?

ಕಾಡಿನ ಭವಿಷ್ಯವನ್ನು ಕುರಿತು ಫಾಕ್ನರನು ಹೇಳಿದುದು ಅರ್ಧ ನಿಜವಾಯಿತು. ಮಿಸಿಸಿಪಿ ಕಣಿವೆಯ ತಗ್ಗುಗಾಡಿನಲ್ಲಿ ಮುಕ್ಕಾಲು ಪಾಲು ಹೊಲವಾಗಿ ಹೋಯಿತು. ಆ ಕರಡಿಯ ಜಾತಿಯನ್ನು ೧೯೯೨ರಲ್ಲಿ ಅಪಾಯಕ್ಕೊಳಗಾದುದೆಂದು ಸಾರಿ, ೨೦೧೬ರಲ್ಲಿ ಪಟ್ಟಿಯಿಂದ ತೆಗೆದರು. ಜಿಂಕೆಯ ಮಟ್ಟಿಗಾದರೋ ಕಥೆಯು ತಿರುಗಿಬಿದ್ದಿತು. ೧೯೩೭ರ ಕಾನೂನಿನಂತೆ ಬಂದೂಕು ಮದ್ದುಗುಂಡುಗಳ ಸುಂಕವು ವನ್ಯಮೃಗಗಳ ರಕ್ಷಣೆಗೆ ಮೀಸಲಾದ ಮೇಲೆ, ಅಳಿದುಹೋಗುತ್ತಿದ್ದ ಬಿಳಿಬಾಲದ ಜಿಂಕೆಯೂ ಟರ್ಕಿಕೋಳಿಯೂ ಮತ್ತೆ ಲಕ್ಷಗಟ್ಟಲೆ ಹೆಚ್ಚಿದುವು. ಬಳಿಕ ಕಡಮೆಯಾದವರು ಬೇಟೆಗಾರರು. ೧೯೯೧ರಲ್ಲಿ ೧ ಕೋಟಿ ೪೧ ಲಕ್ಷವಿದ್ದವರು ೨೦೧೬ರ ಗಣನೆಯಲ್ಲಿ ೧ ಕೋಟಿ ೧೫ ಲಕ್ಷಕ್ಕೆ ಇಳಿದರು. ಮೃಗವು ಉಳಿದು ಬಿಡಾರವು ಬರಿದಾಗುವುದೆಂದು ಯಾವ ಕವಿಯೂ ನುಡಿದಿರಲಿಲ್ಲ. ‘ಬಿಗ್ ವುಡ್ಸ್’ ಗ್ರಂಥದ ‘ರೇಸ್ ಅಟ್ ಮಾರ್ನಿಂಗ್’ ಕಥೆಯಲ್ಲಿ ಮಾತ್ರ ಇದರ ಸೂಚನೆಯಿದೆ. ದಿನವೆಲ್ಲ ಬೆನ್ನಟ್ಟಿದ ಮುದಿ ಜಿಂಕೆಯು ಕೊನೆಗೆ ಎದುರಿಗೆ ಸಿಕ್ಕಿದಾಗ ಬೇಟೆಗಾರನು ಗುಂಡು ತೆಗೆದ ಬಂದೂಕಿನ ಕುದುರೆಯನ್ನೆಳೆದು ಅದನ್ನು ಬರುವ ವರ್ಷಕ್ಕೆ ಉಳಿಸುವನು. ಆಮೇಲೆ ತಾನು ಸಾಕಿಕೊಂಡ ಹುಡುಗನಿಗೆ, ಬೇಟೆ ಬೇಸಾಯಗಳಷ್ಟೇ ಇನ್ನು ಸಾಲವು, ಶಾಲೆಗೆ ಹೋಗಬೇಕು ಎನ್ನುವನು. ಹುಡುಗನಿಗೆ ಅದು ಹಿಡಿಸುವುದಿಲ್ಲ. ಸಣ್ಣ ಕಥೆ, ಆದರೂ ಪ್ರಾಮಾಣಿಕವಾದುದು.

‘ಡೆಲ್ಟಾ ಆಟಮ್’ ಕಥೆಗೆ ಬರುವಾಗ ಐಸಾಕನು ಎಂಬತ್ತರ ಹತ್ತಿರದವನು. ಹಿಂದೆ ಮೂವತ್ತು ಮೈಲಿಗೆ ಸಿಕ್ಕುತ್ತಿದ್ದ ಕಾಡಿಗಾಗಿ ಈಗ ಮೋಟಾರಿನಲ್ಲಿ ಇನ್ನೂರು ಮೈಲಿ ಹೋಗಬೇಕು. ಗಂಡಸರು ಬೇಟೆಗೆ ಹೋದ ಬೆಳಗ್ಗೆ, ಮಳೆಯಲ್ಲಿ, ತರುಣಿಯೊಬ್ಬಳು ಕೂಸನ್ನೆತ್ತಿಕೊಂಡು ಗುಡಾರಕ್ಕೆ ಬರುವಳು. ಕೂಸು ರಾತ್ ಎಡ್ಮಂಡ್ಸನದು. ಅವನು ಅವಳಿಗೆ ಕೊಡೆಂದು ಹಣದ ಲಕೋಟೆಯನ್ನು ಮುದುಕನ ಕೈಯಲ್ಲಿಟ್ಟು ತಪ್ಪಿಸಿಕೊಂಡಿರುವನು. ಅವಳು ಅದೇ ಲೆಕ್ಕದ ಪುಸ್ತಕದ ದಾಸೀಸಂತತಿಯವಳೆಂದು ಮಾತಿನಲ್ಲಿ ಹೊರಬೀಳುವುದು. ಕರಡಿಗಾಗಿ ಎಲ್ಲವನ್ನೂ ತ್ಯಜಿಸಬಲ್ಲವನಾಗಿದ್ದ ಐಸಾಕನು ಇಲ್ಲಿ ಗಾಬರಿಗೊಂಡು, ಉತ್ತರದೇಶಕ್ಕೆ ಹೋಗು, ನಿನ್ನ ಜನರಲ್ಲಿಯೇ ಮದುವೆಯಾಗು ಎಂದು ಹೇಳುವನು. ಪ್ರೀತಿಯೆಂಬುದೊಂದು ಇತ್ತೆಂಬುದನ್ನೇ ಮರೆತೆಯಾ ಎಂಬ ಅರ್ಥದ ಅವಳ ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ.

ಇಲ್ಲಿ ಶಾಕುಂತಲದ ಐದನೆಯ ಅಂಕವು ನೆನಪಾಗದಿರಲಾರದು. ಆಶ್ರಮಮೃಗದ ಮೇಲೆ ಬಾಣವನ್ನು ತಡೆದ ಅರಸನೇ ಗರ್ಭಿಣಿಯನ್ನು ಅರಿಯೆನೆಂದನು. ತನ್ನ ಕೈಯಿಂದ ನೀರು ಕುಡಿದು ಅರಸನ ಕೈಯಿಂದ ಕುಡಿಯಲೊಲ್ಲದ ಜಿಂಕೆಯ ಮರಿಯನ್ನು ಶಕುಂತಲೆಯು ಸಾಕ್ಷಿಗೆ ಕರೆದರೂ ಫಲವಾಗಲಿಲ್ಲ. ಕಾಳಿದಾಸನು ದೂರ್ವಾಸನ ಶಾಪವನ್ನು ತಂದು ನಾಯಕನನ್ನು ಕಾಪಾಡಿದನು. ವ್ಯಾಸಭಾರತದಲ್ಲಿ ಶಾಪವಿಲ್ಲ, ಅರಸನು ತಿಳಿದೂ ತಿಳಿದೂ ಅಲ್ಲವೆನ್ನುವನು. ಫಾಕ್ನರನು ಈ ವಿಷಯದಲ್ಲಿ ಕಾಳಿದಾಸನಿಗಿಂತ ವ್ಯಾಸನಿಗೆ ಹತ್ತಿರದವನು. ಆದರೆ ವ್ಯಾಸನಲ್ಲಿ ಆಕಾಶವಾಣಿಯಾದರೂ ಆಗುವುದು, ಇಲ್ಲಿ ಮಳೆಯ ಸದ್ದು ಮಾತ್ರ.

ಈ ಕಥೆಯನ್ನು ಕನ್ನಡಿಸುವವರಿಗೆ ಒಂದು ತೊಡಕು ಕಾದಿದೆ. ಊರವರೆಲ್ಲ ಐಸಾಕನನ್ನು ‘ಅಂಕಲ್’ ಎನ್ನುವರು. ತರುಣಿಯೂ ಹಾಗೆಯೇ ಕರೆಯುವಳು. ಆಂಗ್ಲದಲ್ಲಿ ಆ ಮಾತು ಬರಿಯ ಮರ್ಯಾದೆ. ಕನ್ನಡದಲ್ಲಿ ಸಂಬಂಧವನ್ನು ಎಣಿಸಿ ಹೇಳಬೇಕಾಗುವುದು. ಎಣಿಸಿದರೆ, ಅವಳ ಅಜ್ಜ ಜೇಮ್ಸನೂ ಐಸಾಕನೂ ಒಬ್ಬನೇ ಅಜ್ಜನ ಗಂಡುಮಕ್ಕಳ ಮಕ್ಕಳು, ದಾಯಾದಿಗಳು, ಜೇಮ್ಸನು ಅಣ್ಣ. ಐಸಾಕನು ಬಿಟ್ಟುಕೊಟ್ಟ ಆಸ್ತಿಯು ದಾಯಾದಿಗೆ ಹೋಗಲಿಲ್ಲ, ಹೆಣ್ಣುಸಂತತಿಯ ಎಡ್ಮಂಡ್ಸರಿಗೆ ಹೋಯಿತು. ಊರಿನವರಲ್ಲಿ ಯಾರಿಗೂ ಅಜ್ಜನಲ್ಲದ ಈ ಮುದುಕನು ಆ ತರುಣಿಯೊಬ್ಬಳಿಗೆ ನ್ಯಾಯವಾಗಿ ಚಿಕ್ಕಜ್ಜನಾಗಬೇಕು. ಮೂಲದಲ್ಲಿ ಹುದುಗಿರುವ ಈ ಅರ್ಥವನ್ನು ‘ಚಿಕ್ಕಜ್ಜ’ ಎಂಬ ಒಂದು ಕರೆಯು ಬಯಲಿಗೆ ತರಬಲ್ಲುದು.

ಅವಳು ಹೊರಡುವಾಗ ಮುದುಕನು ಜನರಲ್ ಕಾಂಪ್ಸನನಿಂದ ತನಗೆ ಬಂದ ಬೆಳ್ಳಿ ಕಟ್ಟಿದ ಬೇಟೆಯ ಕೊಂಬನ್ನು ಕೂಸಿಗೆಂದು ಕೊಡುವನು. ಮುದ್ರೆಯುಂಗುರವನ್ನು ಕೊಟ್ಟವನು ಮರೆತನು. ಕೊಂಬನ್ನು ಕೊಟ್ಟವನಿಗೆ ಮರೆವೆಯೇ ಇಲ್ಲ, ಕೊಡಲು ಬೇರೆ ಏನೂ ಇಲ್ಲ. ಆಕೆಯು ಅದನ್ನು ತೆಗೆದುಕೊಂಡು ಹೋದ ಮೇಲೆ ಬೇಟೆಯವನೊಬ್ಬನು ಅವಸರದಿಂದ ಒಳಗೆ ಬಂದು ರಾತನ ಕತ್ತಿಯನ್ನು ಹುಡುಕುವನು. ಏನು ಬಿದ್ದಿತೆಂದು ಮುದುಕನು ಕೇಳುವನು. ಒಂದು ಜಿಂಕೆ, ಅಷ್ಟೇ, ಎಂದು ಹೇಳಿ ಅವನು ಹೊರಟುಹೋಗುವನು. ಅದು ಹೆಣ್ಣುಜಿಂಕೆಯೆಂದು ಹಾಸಿಗೆಯಲ್ಲಿ ಮಲಗಿದ್ದ ಐಸಾಕನಿಗೆ ಯಾರೂ ಹೇಳಬೇಕಾಗುವುದಿಲ್ಲ.