ಎರಡು ಸಾವಿರ ರೂಪಾಯಿಯ ಕೆಸರು

ಸಿನಿಮಾ ನೋಡಿ ಬಂದವರು ರಿವ್ಯೂ ಬರೀತಾರೆ, ಹೋಟೆಲಲ್ಲಿ ತಿಂದು ಬಂದವರು ಸ್ಟಾರ್ ಕೊಡ್ತಾರೆ. ದುಡ್ಡು ಕೊಟ್ಟು ಕೆಸರಲ್ಲಿ ಹೊರಳಾಡಿ ಬಂದವರು ಮಾತ್ರ ಫೋಟೋ ಹಾಕಿ ಸುಮ್ಮನಾಗ್ತಾರೆ. ಹಾಗಾಗಿ ಈ ವಿಮರ್ಶೆ ನನ್ನ ಪಾಲಿಗೆ ಬಂತು.

ಹೋದ ತಿಂಗಳು ನಾವು ಆರು ಜನ ಗೆಳೆಯರು ದೇವನಹಳ್ಳಿ ದಾಟಿ, ಒಂದು ಬಯಲಿನಲ್ಲಿ ಐದು ಕಿಲೋಮೀಟರ್ ಆಬ್‌ಸ್ಟಕಲ್ ರನ್ ಓಡಿ ಬಂದ್ವಿ. ಥೀಮು ಮಿಲಿಟರಿ ಕ್ಯಾಂಪ್. ತಲೆಗೆ ಎರಡು ಸಾವಿರ ರೂಪಾಯಿ. ಅದಕ್ಕೆ ಸಿಕ್ಕಿದ್ದು ಒಂದು ಟೀ ಶರ್ಟ್, ಒಂದು ಮೆಡಲ್, ಕಾಲಿಗೆ ಕಟ್ಟೋ ಟೈಮಿಂಗ್ ಚಿಪ್, ಒಂದು ಬಾಳೆಹಣ್ಣು.

ಮೊದಲು ಒಳ್ಳೇದು ಹೇಳಿಬಿಡ್ತೀನಿ. ಬಲೆ ಕೆಳಗೆ ತೆವಳೋದು, ಟೈರ್ ಎಳೆಯೋದು, ಐಸ್ ತುಂಬಿದ ತೊಟ್ಟಿಯಲ್ಲಿ ಮುಳುಗಿ ಏಳೋದು, ಎಲ್ಲ ಮಜವಾಗೇ ಇತ್ತು. ಒಂದು ಗಂಟೆ ಯಾರ ಕೈಯಲ್ಲೂ ಫೋನ್ ಇರಲಿಲ್ಲ. ಮೀಟಿಂಗಲ್ಲಿ ಕ್ಯಾಮೆರಾ ಕೂಡ ಆನ್ ಮಾಡದ ನಮ್ಮ ಆಫೀಸಿನ ಹುಡುಗಿ ಕೆಸರಲ್ಲಿ ಬೋರಲು ಬಿದ್ದು ನಕ್ಕಿದ್ದನ್ನು ನಾನು ಮರೆಯಲ್ಲ.

ಪುತ್ತೂರಿನ ಗೆಳೆಯನಿಗೆ ಮಾತ್ರ ಮೊದಲಿನಿಂದಲೂ ಅನುಮಾನ. "ಎಂತ ಮಾರಾಯ, ಇದಕ್ಕೆ ಎರಡು ಸಾವಿರವಾ? ನಮ್ಮಲ್ಲಿ ಆಟಿ ತಿಂಗಳಲ್ಲಿ ಗದ್ದೆಗೆ ಇಳಿದ್ರೆ ಇದೇ ಕೆಸರು, ಮೇಲಿಂದ ಊಟವೂ ಉಂಟು" ಅಂದ. ಅವನು ಹೇಳಿದ್ದು ಕರಾವಳಿಯ ಕೆಸರುಗದ್ದೆ ಆಟಗಳ ಬಗ್ಗೆ. ಅಲ್ಲಿ ಓಟ ಇದೆ, ಹಗ್ಗಜಗ್ಗಾಟ ಇದೆ, ಗೆಲ್ಲೋ ಹಟವೂ ಇದೆ. ಆದರೆ ಬಿದ್ದವನನ್ನು ನೋಡಿ ನಗೋಕೆ, ಎತ್ತೋಕೆ ಊರೇ ದಂಡೆ ಮೇಲೆ ನಿಂತಿರುತ್ತೆ. ಅವನ ಮಾತನ್ನು ಆಗ ತಮಾಷೆ ಅಂದ್ಕೊಂಡೆ.

ಮೂರನೇ ಕಿಲೋಮೀಟರ್ ಹತ್ತಿರ ಎಂಟಡಿ ಎತ್ತರದ ಮರದ ಗೋಡೆ. ಕಾಲಿಡೋಕೆ ಮೆಟ್ಟಿಲಿಲ್ಲ, ಹಿಡಿಯೋಕೆ ಹಗ್ಗ ಇಲ್ಲ. ಒಬ್ಬರು ಕೆಳಗೆ ಬಗ್ಗಬೇಕು, ಇನ್ನೊಬ್ಬರು ಮೇಲಿಂದ ಕೈ ಕೊಡಬೇಕು. ಬಗ್ಗಿದವನು ನನ್ನ ರೂಮ್‌ಮೇಟ್. ನೂರು ಕೆಜಿಗೆ ಹತ್ತಿರ ಇದ್ದಾನೆ. ಈ ಓಟಕ್ಕೋಸ್ಕರ ಆರು ತಿಂಗಳು ಬೆಳಗ್ಗೆ ಎದ್ದು ಲಾಲ್‌ಬಾಗಲ್ಲಿ ನಡೆದಿದ್ದ. ನಮ್ಮ ಐದೂ ಜನ ಅವನ ಹೆಗಲ ಮೇಲೆ ಕಾಲಿಟ್ಟೇ ಹತ್ತಿದ್ದು. ಕೊನೆಗೆ ಉಳಿದವನು ಅವನೊಬ್ಬನೇ.

ಗೋಡೆ ಮೇಲೆ ಕೂತು ನಾನು ಕೈ ಚಾಚಿದೆ. ಒಂದ್ಸಲ ಜಾರಿದ, ಇನ್ನೊಂದ್ಸಲ ಜಾರಿದ. ಆಚೆ ಕಡೆಯಿಂದ "ಬೇಗ ಬನ್ರೋ, ಟೈಮ್ ಹೋಗ್ತಿದೆ" ಅಂತ ಕೂಗು. ವಾಲಂಟಿಯರ್ ಹುಡುಗ "ಸೈಡಿಂದ ಬಂದ್ಬಿಡಿ ಸರ್, ಪರವಾಗಿಲ್ಲ" ಅಂದ. "ನೀನು ಹೋಗು ಮಗಾ, ನಾನು ಬರ್ತೀನಿ" ಅಂತ ಇವನೂ ಅಂದ. ನಾನು ಹೋದೆ. ಕೆಳಗಿದ್ದ ಫೋಟೋಗ್ರಾಫರ್‌ಗೆ ಕೈ ಎತ್ತಿ ಪೋಸ್ ಕೊಟ್ಟೇ ಹಾರಿದೆ.

ನನ್ನ ತಕರಾರು ಇಲ್ಲಿಂದ ಶುರು. ಆ ಗೋಡೆ ಕಟ್ಟಿದವರಿಗೆ ವಿಷಯ ಗೊತ್ತಿತ್ತು: ಒಬ್ಬನೇ ಹತ್ತೋಕಾಗದ ಅಡೆತಡೆಯೇ ಇಂಥ ಓಟದ ಜೀವ. 2010ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಶುರುವಾದ ಟಫ್ ಮಡರ್‌ನಲ್ಲಿ ಎವರೆಸ್ಟ್ ಅಂತ ಒಂದು ಜಾರುಗೋಡೆ ಇದೆ. ಓಡಿಬಂದು ಜಿಗಿದಾಗ ಮೇಲಿರೋರು, ಹೆಚ್ಚಿನ ಸಲ ಪರಿಚಯವೇ ಇಲ್ಲದವರು, ಕೈ ಹಿಡಿದು ಎಳ್ಕೊಳ್ತಾರೆ. ಇದು ರೇಸ್ ಅಲ್ಲ, ಸಮಯಕ್ಕಿಂತ ಜೊತೆಗಾರರು ಮುಖ್ಯ ಅಂತ ಶುರುವಿನಲ್ಲೇ ಎಲ್ಲರಿಂದ ಪ್ರತಿಜ್ಞೆ ಮಾಡಿಸ್ತಿದ್ರು. ಮಾಮೂಲಿ ಓಟದಲ್ಲಿ ಗಡಿಯಾರ ಇರಲಿಲ್ಲ. ಮುಗಿಸಿದವರ ತಲೆಗೆ ಒಂದು ಕಿತ್ತಳೆ ಬಣ್ಣದ ಪಟ್ಟಿ. ಅದೂ ವ್ಯಾಪಾರವೇ, ಒಪ್ಪೋಣ. ಆದರೆ ಆ ವ್ಯಾಪಾರದಲ್ಲಿ ಗೋಡೆಗೂ ನಿಯಮಕ್ಕೂ ತಾಳಮೇಳ ಇತ್ತು.

ನಮ್ಮ ಓಟದವರು ಗೋಡೆಯನ್ನು ಅಲ್ಲಿಂದ ತಂದ್ರು, ಕಾಲಿಗೆ ಮಾತ್ರ ಚಿಪ್ ಕಟ್ಟಿದ್ರು. ನಿಂತು ಕೈ ಕೊಡು ಅಂತ ಗೋಡೆ ಹೇಳುತ್ತೆ, ಓಡು ಅಂತ ಚಿಪ್ ಹೇಳುತ್ತೆ. ಥೀಮು ಮಿಲಿಟರಿ ಆದ್ರೆ, ಕೆಳಗೆ ಉಳಿದವನನ್ನು ಬಿಟ್ಟು ಓಡೋ ತುಕಡಿ ಯಾವುದು ಸ್ವಾಮಿ? ಸೈನ್ಯದ ಅಡೆತಡೆ ಓಟಗಳ ಮೇಲೆ ಪ್ರಭಾವ ಬೀರಿದ ಫ್ರಾನ್ಸಿನ ನೌಕಾಧಿಕಾರಿ ಜಾರ್ಜ್ ಹೆಬೆರ್ ಸಾರಿದ್ದು, ಉಪಯೋಗಕ್ಕೆ ಬರಬೇಕಾದ್ರೆ ಬಲಶಾಲಿಯಾಗಬೇಕು ಅಂತ. ಆ ಲೆಕ್ಕದಲ್ಲಿ ಅವತ್ತು ನಮ್ಮಲ್ಲಿ ಪಾಸಾದವನು ಒಬ್ಬನೇ.

ಸಂಜೆ ಎಲ್ಲರ ಫೋನಿಗೂ ಸರ್ಟಿಫಿಕೇಟ್ ಬಂತು. ಹೆಸರು, ಸಮಯ, ರ‍್ಯಾಂಕು. ಐದು ಜನಕ್ಕೆ ಹೆಗಲು ಕೊಟ್ಟವನ ಸರ್ಟಿಫಿಕೇಟಲ್ಲಿ "ಒಂದು ಅಡೆತಡೆ ಅಪೂರ್ಣ" ಅಂತಿತ್ತು. ಗ್ರೂಪ್ ಫೋಟೋದಲ್ಲೂ ಅವನಿಲ್ಲ. ಅವನು ಬರೋಷ್ಟರಲ್ಲಿ ತೆಗೆಸ್ಕೊಂಡು ಆಗಿತ್ತು. ವಾಪಸ್ ಬರುವಾಗ ಕಾರಲ್ಲಿ ಎಲ್ಲರಿಗಿಂತ ಜಾಸ್ತಿ ಜೋಕ್ ಹೊಡೆದವನೂ ಅವನೇ. ಮಾರನೇ ದಿನದಿಂದ ಲಾಲ್‌ಬಾಗ್‌ಗೆ ಹೋಗೋದು ಬಿಟ್ಟ.

ಎಲ್ಲ ತಪ್ಪನ್ನೂ ಚಿಪ್ಪಿನ ಮೇಲೆ ಹಾಕೋದು ಸುಲಭ. ಚಿಪ್ ಯಾರನ್ನೂ ಎಳ್ಕೊಂಡು ಹೋಗಲಿಲ್ಲ. ಗೋಡೆ ಮೇಲೆ ಇನ್ನೆರಡು ನಿಮಿಷ ಕೂತಿದ್ರೆ ನನ್ನ ರ‍್ಯಾಂಕು 412ರಿಂದ 430 ಆಗ್ತಿತ್ತೇನೋ. ಇವತ್ತಿನವರೆಗೆ ಆ ರ‍್ಯಾಂಕ್ ಯಾರೂ ಕೇಳಿಲ್ಲ.

ಮೊನ್ನೆ ಮುಂದಿನ ಸೀಸನ್ನಿನ ರಿಜಿಸ್ಟ್ರೇಷನ್ ಲಿಂಕ್ ಗ್ರೂಪಿಗೆ ಬಂತು. ಚಿಪ್ ಇಲ್ಲದ ಟಿಕೆಟ್ಟೂ ಇದೆಯಂತೆ, ಐನೂರು ಕಡಿಮೆ. ಅಡುಗೆಮನೆಯಲ್ಲಿ ಟೀ ಮಾಡ್ತಿದ್ದವನನ್ನು "ಬರ್ತೀಯಾ?" ಅಂತ ಕೇಳಿದೆ.

ಟೀ ಸೋಸ್ತಾ, ತಿರುಗಿ ನೋಡದೇ ಹೇಳಿದ: "ಈ ಸಲ ಮೊದಲು ನಾನು ಹತ್ತೋದು. ಕೆಳಗೆ ನೀನು ಬಗ್ಗಬೇಕು."

ಇಬ್ಬರಿಗೂ ಬುಕ್ ಮಾಡಿದ್ದೀನಿ. ಈಗ ನನ್ನ ಸೊಂಟ ಗಟ್ಟಿ ಮಾಡ್ಕೋಬೇಕು.